ಬೊಮ್ಮನ ಪೂರ್ವವೃತ್ತ: ದಾಸ್ಯದ ಗತವುಳ್ಳ ಪಾತ್ರದ ನಿರ್ಮಿತಿಯನ್ನು ಕುರಿತು

1

ಪಾತ್ರಕ್ಕೆ ಪೂರ್ವವೃತ್ತವನ್ನು ಕಲ್ಪಿಸುವುದು ಕವಿಗೂ ನಾಟಕಕಾರನಿಗೂ ಸಹಜವಾಗಿ ದೊರೆತ ಸ್ವಾತಂತ್ರ್ಯ. ನಮ್ಮ ಜೈನಪುರಾಣಕಾರರು ಭವಾವಳಿಗಳ ಮೂಲಕ ಈ ಸ್ವಾತಂತ್ರ್ಯವನ್ನು ವಿಸ್ತಾರವಾಗಿ ಬಳಸಿಕೊಂಡರು. ಪಂಪನ ಆದಿಪುರಾಣದಲ್ಲಿ ಆದಿದೇವನ ಈ ಜನ್ಮದ ನಡೆಯನ್ನು ಅರಿಯಬೇಕಾದರೆ ಹಿಂದಿನ ಜನ್ಮಗಳನ್ನು ದಾಟಿಯೇ ಬರಬೇಕು. ಗತವು ಅಲ್ಲಿ ವರ್ತಮಾನಕ್ಕೆ ಕಾರಣ ಹೇಳುತ್ತದೆ. ಆದರೆ ಪಾತ್ರದ ಗತವು ದಾಸ್ಯದ ಗತವಾದಾಗ ಈ ಸ್ವಾತಂತ್ರ್ಯಕ್ಕೆ ಒಂದು ತೊಡಕು ಒದಗುತ್ತದೆ. ಒಬ್ಬನನ್ನು ದಾಸನನ್ನಾಗಿ ಮಾಡುವುದೆಂದರೆ ಅವನ ಊರು, ಕುಲ, ತಾಯಿತಂದೆಯರ ಹೆಸರು ಇವುಗಳನ್ನು ಲೆಕ್ಕಕ್ಕೆ ಬಾರದಂತೆ ಮಾಡುವುದು. ದಾಖಲೆಯಲ್ಲಿ ಅವನು ಬಹುತೇಕ ಒಡೆಯನ ಹೆಸರಿನ ಬೆನ್ನಿಗೇ ಕಾಣಿಸಿಕೊಳ್ಳುತ್ತಾನೆ. ಹೀಗೆ ಬರಿದಾಗಿ ಉಳಿದ ಸ್ಥಳವನ್ನು ಇಂದಿನವರಾದ ನಾವು ತುಂಬಹೊರಟಾಗ ಏನನ್ನು ತುಂಬುತ್ತೇವೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆಗೆ ನಿಮಿತ್ತವಾದುದು ಕೋಲ್ಕತ್ತಾದ ನ್ಯೂ ಟೌನಿನಿಂದ ಬಂದ ಒಂದು ಕೋರಿಕೆ. ರಾಜಾರ್‌ಹಾಟಿನ ಗದ್ದೆ, ಮೀನುಕೆರೆಗಳಿದ್ದ ನೆಲದಲ್ಲಿ ಎದ್ದ ಈ ಹೊಸ ನಗರದಲ್ಲಿ ಇಂದು ವಿಶ್ವವಿದ್ಯಾಲಯಗಳೂ ತಂತ್ರಾಂಶ ಕಚೇರಿಗಳೂ ಇವೆ. ಕನ್ನಡ ಬಲ್ಲ ಕೆಲವು ಸಂಶೋಧಕರೂ ನೆಲಸಿದ್ದಾರೆ. ಅವರು ತಮ್ಮ ಬಂಗಾಳಿ ಗೆಳೆಯರೊಡನೆ ಒಂದು ಪಾತ್ರಾಭಿನಯದ ಅಭ್ಯಾಸವನ್ನು ಯೋಜಿಸಿದ್ದರು. ಹನ್ನೆರಡನೆಯ ಶತಮಾನದ ಮಂಗಳೂರು ಬಂದರಿನ ಒಬ್ಬೊಬ್ಬ ವ್ಯಕ್ತಿಯನ್ನು ಒಬ್ಬೊಬ್ಬರು ವಹಿಸಿಕೊಳ್ಳುವುದು, ಆ ವ್ಯಕ್ತಿಯ ಪೂರ್ವವೃತ್ತವನ್ನು ಬರೆದಿಟ್ಟುಕೊಂಡು, ಆ ಬಳಿಕ ಅವನಾಗಿಯೇ ಮಾತನಾಡುವುದು ಅದರ ಕ್ರಮ. ಬೊಮ್ಮನೆಂಬ ದಾಸನಿಗಾಗಿ ಬರೆದ ಪೂರ್ವವೃತ್ತವನ್ನು ನಮ್ಮ ಪರಿಶೀಲನೆಗೆ ಕಳುಹಿಸಿದ್ದರು. ಅದರಲ್ಲಿ ಬಾಲ್ಯದಲ್ಲಿ ಅಪಹರಣ, ಕಣ್ಣೆದುರಿಗೇ ತಾಯಿಯ ಸಾವು, ಬೆನ್ನ ಮೇಲೆ ಚಾಟಿಯ ಗುರುತು, ಒಡೆಯನ ಮೇಲೆ ಆರದ ದ್ವೇಷ ಇವೆಲ್ಲ ಇದ್ದವು. ಬರೆದವರ ಸಹಾನುಭೂತಿ ಪ್ರಾಮಾಣಿಕವಾದುದು. ಆದರೂ ಆ ಬರಹದಲ್ಲಿ ಬೊಮ್ಮನಿರಲಿಲ್ಲವೆಂದು ನಮಗೆ ತೋರಿತು. ಏಕೆ ಹಾಗೆ ತೋರಿತೆಂಬುದನ್ನು ವಿವರಿಸುವ ಯತ್ನ ಇದು.

2

ಬೊಮ್ಮನ ವಿಷಯವಾಗಿ ನಮಗೆ ದೊರೆತಿರುವುದೆಲ್ಲ ಕೈರೋ ಬಳಿಯ ಫುಸ್ತಾತಿನ ಬೆನ್ ಎಜ್ರಾ ಯೆಹೂದಿ ಪ್ರಾರ್ಥನಾಮಂದಿರದ ಗೆನೀಜಾ ಎಂಬ ಕಾಗದದ ಉಗ್ರಾಣದಿಂದ ಬಂದುದು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಅಲ್ಲಿ ಹಾಕಿಟ್ಟ ಪತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪು, ಅಮೆರಿಕಗಳ ಗ್ರಂಥಾಲಯಗಳಿಗೆ ಚದುರಿಹೋದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳೂ ಲೆಕ್ಕಪಟ್ಟಿಗಳೂ ಇವೆ. ಟ್ಯುನೀಸಿಯಾದ ಮಹ್ದಿಯಾ ಮೂಲದ ಈತ ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದು, 1132ರ ವೇಳೆಗೆ ಇಲ್ಲಿ ನೆಲೆಯೂರಿ, 1149ರಲ್ಲಿ ಹಿಂತಿರುಗಿದನು. ಇಲ್ಲಿ ಅವನು ಹಿತ್ತಾಳೆಯ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದನು. 1148ರಲ್ಲಿ ಏಡನ್ನಿನ ವರ್ತಕ ಖಲಫ್ ಇಬ್ನ್ ಇಸ್ಹಾಕ್ ಇವನಿಗೆ ಬರೆದ ಪತ್ರದಲ್ಲಿ ಇವನ ದಾಸನಿಗೂ ವಂದನೆ ತಿಳಿಸಿದ್ದಾನೆ. ಆ ಪತ್ರವು 1942ರಲ್ಲಿ ಜೆರೂಸಲೇಮಿನ ಹೀಬ್ರೂ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1973ರಲ್ಲಿ ಎಸ್.ಡಿ. ಗೊಯ್ಟೈನ್ ಅವರು ಮಧ್ಯಯುಗದ ಯೆಹೂದಿ ವರ್ತಕರ ಪತ್ರಗಳನ್ನು ಇಂಗ್ಲಿಷಿಗೆ ತಂದಾಗ ಈ ದಾಸನು ಮತ್ತೊಮ್ಮೆ ಕಾಣಿಸಿಕೊಂಡನು.

ಕೋಲ್ಕತ್ತೆಯಲ್ಲಿ ಹುಟ್ಟಿದ ಅಮಿತಾವ್ ಘೋಷ್ ಅವರು ಈ ದಾಸನ ಬೆನ್ನು ಹತ್ತಿದುದು ವಿದ್ವಾಂಸರಿಗೆ ತಿಳಿದ ಸಂಗತಿ. ಅವರ ಪ್ರಬಂಧವು 1992ರಲ್ಲಿ ‘ಸಬಾಲ್ಟರ್ನ್ ಸ್ಟಡೀಸ್’ ಮಾಲೆಯ ಏಳನೆಯ ಸಂಪುಟದಲ್ಲಿ ಬಂದಿತು. ಅದೇ ವರ್ಷ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಎಂಬ ಗ್ರಂಥವೂ ಪ್ರಕಟವಾಯಿತು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ರೂಢಿಯಿಲ್ಲವಾಗಿ ದಾಸನ ಹೆಸರು ಬ, ಮ, ಹ ಎಂಬ ಮೂರು ವ್ಯಂಜನಗಳಷ್ಟೇ ಆಗಿ ಉಳಿದಿತ್ತು. ಅದು ‘ಬೊಮ್ಮ’ ಆಗಿರಬೇಕೆಂದು ಘೋಷ್ ಅವರಿಗೆ ಸೂಚಿಸಿದವರು ಮಂಗಳೂರಿನ ಪ್ರೊ. ಬಿ.ಎ. ವಿವೇಕ ರೈ ಅವರು. ಬ್ರಹ್ಮ ಎಂಬುದು ಬೊಮ್ಮ ಆಗುವುದು ಕನ್ನಡ ತದ್ಭವಪ್ರಕರಣವನ್ನು ಓದಿದ ಯಾರಿಗೂ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಬೊಮ್ಮಯ್ಯ, ಬೊಮ್ಮಗೌಡರು ಸಾಕಷ್ಟು ಮಂದಿ ಇದ್ದಾರೆ. ಈ ಒಂದು ಓದಿನಿಂದ ಅನಾಮಧೇಯನಂತಿದ್ದವನು ತುಳುನಾಡಿನ ಮನುಷ್ಯನಾದನು. ಪಾತ್ರನಿರ್ಮಿತಿಯ ಮೊದಲ ಹೆಜ್ಜೆ ಇಲ್ಲಿ ಭಾಷಾಶಾಸ್ತ್ರದಿಂದ ಆಯಿತೆಂಬುದನ್ನು ಗಮನಿಸಬೇಕು.

ಹೆಸರಿನ ಬಳಿಕ ದಾಖಲೆಗಳು ಹೇಳುವುದು ಅವನ ಕೆಲಸಗಳನ್ನು. ಅವನು ಒಡೆಯನ ಸರಕಿನೊಡನೆ ಸಮುದ್ರ ದಾಟಿ ಏಡನ್ನಿಗೆ ಹೋಗಿದ್ದಾನೆ. ಅಲ್ಲಿ ಕುಡಿದು, ಒಡೆಯನ ಪಾಲುದಾರ ಮದ್ಮೂನನನ್ನು ಮತ್ತೆ ಮತ್ತೆ ಹಣಕ್ಕಾಗಿ ಕಾಡಿದ್ದಾನೆ; ಮದ್ಮೂನನು ಬೇಸರದಿಂದ ಅದನ್ನು ಪತ್ರದಲ್ಲಿ ಬರೆದಿದ್ದಾನೆ. ಕಾಲಕ್ರಮದಲ್ಲಿ ಪತ್ರಗಳು ಅವನನ್ನು ಗೌರವದ ಉಪಪದದೊಡನೆ ಹೆಸರಿಸತೊಡಗುತ್ತವೆ. ಕೊನೆಗೆ ಒಡೆಯನೊಡನೆ ಈಜಿಪ್ಟಿಗೂ ಹೋದನೆಂದು ಲೆಕ್ಕದ ಚೀಟಿಯೊಂದರಿಂದ ಊಹಿಸಲಾಗಿದೆ. ಆ ಚೀಟಿ ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ.

ನ್ಯೂ ಟೌನಿನ ಬರಹದಲ್ಲಿ ಇವುಗಳಲ್ಲಿ ಒಂದೂ ಬಳಕೆಯಾಗಿರಲಿಲ್ಲ. ಕುಡಿತವನ್ನು ಬಿಟ್ಟುಬಿಡಲಾಗಿತ್ತು, ಅದು ದಾಸನ ಘನತೆಗೆ ಕುಂದೆಂದು ಭಾವಿಸಿದ್ದಿರಬಹುದು. ವಾಸ್ತವವಾಗಿ ಆ ಒಂದು ದೂರಿನ ಮಾತಿನಿಂದಲೇ ಬೊಮ್ಮನು ನಮ್ಮ ಕಣ್ಣಿಗೆ ಹತ್ತಿರವಾಗುತ್ತಾನೆ. ಒಡೆಯನಿಂದ ಒಂದು ಸಮುದ್ರದಷ್ಟು ದೂರದಲ್ಲಿ, ಒಡೆಯನ ಹೆಸರಿನ ಬಲದಿಂದ ಹಣ ಕೇಳಬಲ್ಲ, ಕೇಳಿ ಪಡೆಯಬಲ್ಲ ಒಬ್ಬ ಆಳು ಅವನು. ಬೆನ್ನ ಮೇಲಿನ ಚಾಟಿಯ ಗುರುತು ದಾಖಲೆಯಲ್ಲಿಲ್ಲ; ಅದು ಅಟ್ಲಾಂಟಿಕ್ ತೋಟಗಳ ಗುಲಾಮಗಿರಿಯನ್ನು ಕುರಿತ ಚಲನಚಿತ್ರಗಳಿಂದ ಬಂದ ಗುರುತು. ಒಂದು ನಾಡಿನ ನೋವನ್ನು ಮತ್ತೊಂದು ನಾಡಿನ ಮೇಲೆ ಹೊದಿಸಿದಾಗ ಎರಡು ನಾಡುಗಳ ನೋವೂ ಮಸುಕಾಗುತ್ತದೆ.

3

ಹಾಗೆಂದು ಇದಕ್ಕೆ ಎದುರಾದ ದಾರಿಯೂ ನಿರಪಾಯವಲ್ಲ. ಘೋಷ್ ಅವರು ಬೊಮ್ಮನ ಮನಸ್ಸಿನೊಳಗೆ ಪ್ರವೇಶಿಸುವುದಕ್ಕಾಗಿ ಅಂದಿನ ದಾಸ್ಯವು ಇಂದು ನಾವು ತಿಳಿದಂತಹುದಾಗಿರಲಿಲ್ಲವೆಂದು ವಾದಿಸುತ್ತಾರೆ. ಸೂಫಿಗಳಿಗೂ ವಚನಕಾರರಿಗೂ ದಾಸ್ಯವು ದೇವರೊಡನೆ ಮನುಷ್ಯನ ಸಂಬಂಧವನ್ನು ಹೇಳುವ ರೂಪಕವಾಗಿತ್ತು. ಒಡೆಯ ಮತ್ತು ದಾಸರ ನಡುವಿನ ಬಂಧವು ಗುರುಶಿಷ್ಯ, ಪೋಷಕ ಮತ್ತು ಆಶ್ರಿತ ಎಂಬ ಬಂಧಗಳಿಗೆ ಹತ್ತಿರವಾಗಿತ್ತು ಎಂಬುದು ಆ ವಾದದ ಸಾರ. ವಾದವು ಸುಂದರವಾಗಿದೆ, ಕೆಲಮಟ್ಟಿಗೆ ನಿಜವೂ ಆಗಿದೆ. ಬಂಗಾಳದಲ್ಲಿ ಹಬ್ಶಿ ದಾಸರ ಗುಂಪಿನಿಂದ ಬಂದವರೇ 1487ರಿಂದ 1493ರವರೆಗೆ ಸುಲ್ತಾನರಾಗಿ ಆಳಿದ್ದನ್ನು ಅಲ್ಲಿಯ ಓದುಗರು ನೆನೆಯಬಹುದು. ಆದರೆ ಮಧ್ಯಕಾಲೀನ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ.

ಮೊದಲನೆಯದಾಗಿ, ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಊಳಿಗಕ್ಕೆ ಒಂದೇ ಹೆಸರಿರಲಿಲ್ಲ. ಲೆಂಕನೂ ಊಳಿಗದವನೇ, ತೊತ್ತೂ ಊಳಿಗದವಳೇ. ಲೆಂಕನು ತಾನಾಗಿ ವ್ರತ ತೊಟ್ಟು ಒಡೆಯನೊಡನೆ ಪ್ರಾಣ ಬಿಡುವವನು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡಾಧೀಶ ಕುವರಲಕ್ಷ್ಮನು ಹೀಗೆ ಮಡಿದುದಕ್ಕೆ ಹಳೇಬೀಡಿನಲ್ಲಿ ಸ್ತಂಭವೇ ನಿಂತಿದೆ. ತೊತ್ತಿನ ಸಾವಿಗೆ ಅಂತಹ ಕಲ್ಲು ನಿಲ್ಲುವುದಿಲ್ಲ. ಆಳು, ಬಂಟ, ಲೆಂಕ, ತೊತ್ತು ಇವುಗಳನ್ನೆಲ್ಲ ಒಂದೇ ‘ದಾಸ್ಯ’ವೆಂಬ ಹೆಸರಿನಲ್ಲಿ ಕಟ್ಟಿದರೆ, ಇಚ್ಛೆಯಿಂದ ಬಂದ ವಿಧೇಯತೆಯ ಕಾಂತಿಯು ಇಚ್ಛೆಯಿಲ್ಲದವರ ಮೇಲೂ ಬಿದ್ದು ಅವರ ಸ್ಥಿತಿ ಸಹ್ಯವಾಗಿ ಕಾಣುತ್ತದೆ.

ಎರಡನೆಯದಾಗಿ, ರೂಪಕವನ್ನು ಆಡಿದವರು ಯಾರು ಎಂಬುದು ಮುಖ್ಯ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಮ್ಮನ್ನು ಊಳಿಗದವರ ಸಂತತಿಯೆಂದು ಕರೆದುಕೊಂಡಾಗ ಅದು ತಮ್ಮ ಹುಟ್ಟಿನ ಹಿರಿಮೆಯನ್ನು ಕೆಳಗಿಳಿಸಿದ ಮಾತು. ಕಳೆದುಕೊಳ್ಳಲು ಹಿರಿಮೆಯಿದ್ದವರಿಗೆ ಮಾತ್ರ ಆ ರೂಪಕದಲ್ಲಿ ಅಷ್ಟು ಬಲ ಬರುತ್ತದೆ. ಕೂಲಿಗೆ ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮಮ್ಮ, ನೂಲುತ್ತಿದ್ದ ಕದಿರ ರೆಮ್ಮವ್ವೆಯರು ಹೆಸರಿನೊಡನೆಯೇ ತಮ್ಮ ಕಾಯಕವನ್ನು ಇಟ್ಟುಕೊಂಡು ಬಂದರು. ಅವರಿಗೆ ಒನಕೆಯೂ ಕದಿರೂ ಮೊದಲು ಕೈಯ ಕೆಲಸ; ರೂಪಕವಾದುದು ಆ ಮೇಲೆ. ವಚನಗಳ ರೂಪಕವು ವಚನಕಾರರನ್ನು ಅರಿಯಲು ನೆರವಾದೀತು. ಅದನ್ನೇ ತಂದು ಬೊಮ್ಮನ ಬಾಯಲ್ಲಿಟ್ಟರೆ, ಒಡೆಯನಿಗೆ ಅನುಕೂಲವಾದ ಮಾತನ್ನು ಆಳಿನಿಂದ ಆಡಿಸಿದಂತಾಗುತ್ತದೆ.

ಒಟ್ಟಿನಲ್ಲಿ ಎರಡು ದೋಷಗಳು ಇಲ್ಲಿ ಎದುರುಬದುರಾಗಿವೆ. ಒಂದು, ದಾಸನನ್ನು ಬರಿಯ ಗಾಯವನ್ನಾಗಿ ಮಾಡುವುದು. ಇನ್ನೊಂದು, ಗಾಯವೇ ಇರಲಿಲ್ಲವೆಂಬಷ್ಟು ಸಂಬಂಧವನ್ನು ಹದಮಾಡುವುದು. ಇವೆರಡನ್ನೂ ತಪ್ಪಿಸಿದ ಮಾದರಿಗಳು ಕನ್ನಡ ನಾಡಿನಲ್ಲಿಯೇ ಇವೆಯೇ ಎಂದು ನೋಡಬೇಕು.

4

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇಂತಹ ಒಂದು ಮಾದರಿ. ಬೊಮ್ಮನಿದ್ದ ಅದೇ ಕರಾವಳಿಯಲ್ಲಿ, ಎಂಟು ಶತಮಾನಗಳ ಬಳಿಕ ನಡೆಯುವ ಕಥೆ ಇದು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು 1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತ್ತು. ಮೂಲದಾಳು ಎಂದು ಒಕ್ಕಲಿನೊಡನೆ ಕೈಬದಲಾಗುತ್ತಿದ್ದವರು ಆ ಬಳಿಕ ಸಾಲದ ಆಳುಗಳಾಗಿ ಮುಂದುವರಿದರು. ಚೋಮನು ಆ ಮುಂದುವರಿಕೆಯಲ್ಲಿ ಹುಟ್ಟಿದವನು.

ಕಾರಂತರು ಚೋಮನಿಗೆ ಯಾತನೆಯ ಪೂರ್ವಕಥೆಯನ್ನು ಹೆಣೆಯಲು ಹೋಗುವುದಿಲ್ಲ. ಅವನ ಗತವು ಕಾದಂಬರಿಯೊಳಗೆ ಬರುವುದು ಕಾಫಿ ತೋಟದ ಹಳೆಯ ಸಾಲವಾಗಿ. ಅದನ್ನು ವಸೂಲು ಮಾಡಲು ತೋಟದ ರೈಟರನು ಗುಡಿಸಲಿನ ಬಾಗಿಲಿಗೆ ಬರುತ್ತಾನೆ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಬೇಕಾಗುತ್ತದೆ. ಕೊನೆಗೆ ಮಗಳು ಬೆಳ್ಳಿಯೂ ಹೋಗಬೇಕಾಗುತ್ತದೆ. ಚೋಮನಿಗೆ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ನೆಲ ಕೇಳುವ ಬಾಯಿ ಇದೆ, ಕೊಡುವ ಪದ್ಧತಿ ಇಲ್ಲ. ದಾಸ್ಯದ ಗತವು ಇಲ್ಲಿ ನೆನಪಿನ ರೂಪದಲ್ಲಿ ಇಲ್ಲ. ಈ ಹೊತ್ತು ಏನು ಮಾಡಬಹುದು, ಏನು ಮಾಡಲಾಗದು ಎಂಬ ಗಡಿಯ ರೂಪದಲ್ಲಿದೆ. ದುಡಿಯ ಬಡಿತವನ್ನು ಓದುಗರು ಹಲವು ಬಗೆಯಲ್ಲಿ ಅರ್ಥೈಸಿದ್ದಾರೆ. ಆಜ್ಞೆಯಿಲ್ಲದೆ ಅವನು ಮಾಡಬಲ್ಲ ಕೆಲವೇ ಕೆಲಸಗಳಲ್ಲಿ ಅದೂ ಒಂದು ಎಂಬಷ್ಟನ್ನು ನಾವು ಸೇರಿಸಬಯಸುತ್ತೇವೆ.

ಬಿ.ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಇದು ಚಲನಚಿತ್ರವಾಯಿತು. ಚೋಮನಾದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆ ಬಂದುದೂ ಅದೇ ವರ್ಷ. 1976ರಲ್ಲಿ ಅದು ಕಾಯಿದೆಯಾಯಿತು. ಅಂದರೆ ಕಾದಂಬರಿ ಬಂದು ನಾಲ್ವತ್ತೆರಡು ವರ್ಷಗಳಾದ ಮೇಲೂ ಆ ಪಾತ್ರವನ್ನು ವಹಿಸಿದ ನಟನ ಮುಂದೆ ಬದುಕಿದ್ದ ಚೋಮರು ಇದ್ದರು. ಬಂಗಾಳದ ಓದುಗರಿಗೆ ಇಲ್ಲಿ ದೀನಬಂಧು ಮಿತ್ರರ ‘ನೀಲದರ್ಪಣ’ (1860) ನೆನಪಾಗಬಹುದು. 1872ರಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರು ಅದನ್ನು ಆಡಿದಾಗಲೂ ನೀಲಿ ಬೆಳೆಯ ಬಲವಂತವನ್ನು ಉಂಡ ರೈತರು ಬದುಕಿದ್ದರು. ಆ ನಾಟಕದ ತೋರಾಪನು ಮನಸ್ಸಿನಲ್ಲಿ ಉಳಿಯುವುದು ಅವನು ಪಟ್ಟ ಪಾಡಿಗಾಗಿ ಮಾತ್ರವಲ್ಲ, ಅವನು ಮಾಡಿದ ಕೆಲಸಕ್ಕಾಗಿ.

5

ಪಾತ್ರವಹಿಸುವುದರ ಇನ್ನೊಂದು ಬಗೆ ತುಳುನಾಡಿನ ಭೂತಾರಾಧನೆಯಲ್ಲಿದೆ. ಕೊರಗ ತನಿಯನೆಂಬ ದೈವದ ಪಾಡ್ದನಕ್ಕೆ ಪಾಠಾಂತರಗಳುಂಟು. ಕಥೆಯ ಹಂದರ ಬಹುಮಟ್ಟಿಗೆ ಒಂದೇ. ತಬ್ಬಲಿಯಾದ ಕೊರಗ ಹುಡುಗನೊಬ್ಬನನ್ನು ಬೈದೆದಿಯೊಬ್ಬಳು ಸಾಕುತ್ತಾಳೆ. ಹಲವರು ಹೊರಬೇಕಾದ ಹೊರೆಯನ್ನು ಅವನೊಬ್ಬನೇ ಹೊತ್ತು ದೇವಸ್ಥಾನಕ್ಕೆ ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಹೊತ್ತವನು ಹೊರಗೆ ನಿಲ್ಲಬೇಕಾಗುತ್ತದೆ. ಅಲ್ಲಿಯ ಮಾದಲದ ಹಣ್ಣಿಗೆ ಕೈಚಾಚಿದವನು ಮಾಯವಾಗುತ್ತಾನೆ, ಮಾಯವಾದವನು ದೈವವಾಗುತ್ತಾನೆ. ಮಂಗಳೂರಿನ ಬಳಿಯ ಕುತ್ತಾರಿನಲ್ಲಿ ಇಂದಿಗೂ ಎಲ್ಲ ಜಾತಿಮತಗಳ ಜನ ಕೊರಗಜ್ಜನೆಂದು ಅವನಿಗೆ ಹರಕೆ ಹೊರುತ್ತಾರೆ. ಪಾಡ್ದನವೂ ಯಾತನೆಯನ್ನು ವಿಸ್ತರಿಸುವುದಿಲ್ಲವೆಂಬುದು ಗಮನಾರ್ಹ. ಒಂದು ಹೊರೆ, ಒಂದು ಹೊಸ್ತಿಲು, ಒಂದು ಹಣ್ಣು ಇಷ್ಟರಲ್ಲಿಯೇ ಒಂದು ಸಮುದಾಯದ ಇತಿಹಾಸ ಅಡಕವಾಗಿದೆ. ದೈವದ ಪಾತ್ರಿಯು ಅಲ್ಲಿ ನಿಯಮದಿಂದ ಕಟ್ಟುಬಿದ್ದವನು. ಅವನು ಆಡುವ ಮಾತಿಗೆ ನೆರೆದ ಊರು ಉತ್ತರ ಕೊಡಬೇಕು.

ಅದೇ ನೆಲದಲ್ಲಿ ಇದಕ್ಕೆ ತದ್ವಿರುದ್ಧವಾದ ರೂಢಿಯೊಂದು ಇತ್ತು. ಅಷ್ಟಮಿ, ನವರಾತ್ರಿಯ ದಿನಗಳಲ್ಲಿ ಇತರ ಜಾತಿಯವರು ಮೈಗೆ ಮಸಿ ಬಳಿದು, ಹಾಳೆಯ ಟೊಪ್ಪಿ ಇಟ್ಟು, ‘ಕೊರಗ ವೇಷ’ ಹಾಕಿ ಮನೆಮನೆಗೆ ಹೋಗಿ ನಗಿಸುತ್ತಿದ್ದರು. ಕೊರಗರು ಅಜಲು ಎಂಬ ಹೆಸರಿನ ಕಡ್ಡಾಯದ ಊಳಿಗಕ್ಕೆ ಒಳಗಾಗಿದ್ದವರು. ಕೂಲಿಯಿಲ್ಲದೆ ಡೋಲು ಬಡಿಯುವುದು, ಕಂಬಳದ ಕೋಣಗಳ ಮುಂದೆ ಓಡುವುದು, ಕೂದಲು ಉಗುರು ಬೆರಸಿದ ಅನ್ನವನ್ನು ತಿನ್ನುವುದು ಇದರಲ್ಲಿ ಸೇರಿತ್ತು. 2000ದಲ್ಲಿ ಕರ್ನಾಟಕದ ಶಾಸನಸಭೆ ಅಜಲು ಪದ್ಧತಿಯನ್ನು ಕಾಯಿದೆಯಿಂದಲೇ ನಿಷೇಧಿಸಬೇಕಾಯಿತು. ಕೊರಗರ ಸಂಘಟನೆಗಳ ಪ್ರತಿಭಟನೆಯ ಬಳಿಕ ಜಿಲ್ಲಾಡಳಿತಗಳು ಕೊರಗ ವೇಷವನ್ನೂ ತಡೆದವು.

ತನಿಯನ ಕೋಲ ಮತ್ತು ಕೊರಗ ವೇಷ ಎರಡೂ ಒಂದೇ ಗತವನ್ನು ಮೈಮೇಲೆ ತಂದುಕೊಳ್ಳುವ ಕ್ರಿಯೆಗಳು. ನಮ್ಮ ವಿಮರ್ಶೆಯು ಇವೆರಡರ ಅಂತರವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ವೇಷ ಹಾಕಿದವನು ಕೊರಗನ ಬಾಹ್ಯವನ್ನಷ್ಟೇ ತೆಗೆದುಕೊಳ್ಳುತ್ತಾನೆ. ನಕ್ಕವರಿಗೆ ಯಾವ ಹೊಣೆಯೂ ತಗಲುವುದಿಲ್ಲ. ಸಂಜೆಗೆ ಮಸಿ ತೊಳೆದುಹೋಗುತ್ತದೆ. ಕೋಲದಲ್ಲಿ ತನಿಯನು ಹೊಸ್ತಿಲ ಹೊರಗೆ ನಿಂತ ಕಥೆಯನ್ನು, ಅವನನ್ನು ಹೊರಗೆ ನಿಲ್ಲಿಸಿದ ಊರೇ ತಲೆಬಾಗಿ ಕೇಳಬೇಕಾಗುತ್ತದೆ. ಕೋಲವು ಕೊರಗರ ಬದುಕನ್ನು ಬದಲಿಸಿತೆಂದು ನಾವು ಹೇಳುವುದಿಲ್ಲ. ದೈವಕ್ಕೆ ಕೈಮುಗಿದ ಊರೇ ಅಜಲನ್ನೂ ನಡೆಸಿಕೊಂಡು ಬಂದಿತು. ಆದರೆ ಪಾತ್ರವಹಿಸುವ ಎರಡು ರೀತಿಗಳನ್ನು ತೂಗುವಾಗ, ನೋಡುವವನು ಉತ್ತರಿಸಬೇಕಾಗಿ ಬರುತ್ತದೆಯೇ ಎಂಬುದು ಉಪಯುಕ್ತವಾದ ಒರೆಗಲ್ಲು. ನ್ಯೂ ಟೌನಿನ ಬರಹದಲ್ಲಿದ್ದ ಚಾಟಿಯ ಗುರುತು ಈ ಒರೆಗಲ್ಲಿನ ಮೇಲೆ ವೇಷದ ಕಡೆಗೇ ವಾಲುತ್ತದೆ. ಅದು ನೋಡುವವನಲ್ಲಿ ಕನಿಕರವನ್ನು ತರುತ್ತದೆ, ಪ್ರಶ್ನೆಯನ್ನು ತರುವುದಿಲ್ಲ.

6

ಹಾಗಾದರೆ ಇಂತಹ ಪಾತ್ರವನ್ನು ವಹಿಸುವವರು ಏನು ಮಾಡಬೇಕು? ಗತವನ್ನು ಘಟನೆಗಳ ಸರಮಾಲೆಯಾಗಿ ಬರೆಯುವುದಕ್ಕೆ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕೆಂಬುದು ನಮ್ಮ ಸೂಚನೆ. ಇವನನ್ನು ಈ ಹೆಸರಿನಿಂದ ಕರೆದವರು ಯಾರು, ಬೇರೆ ಹೆಸರಿನಿಂದ ಕರೆಯುವವರು ಯಾರಾದರೂ ಉಳಿದಿದ್ದಾರೆಯೇ? ಒಡೆಯನೊಡನೆ ಯಾವ ನುಡಿಯಲ್ಲಿ ಮಾತನಾಡುತ್ತಾನೆ, ಯಾವ ನುಡಿಯಲ್ಲಿ ಒಡೆಯನಿಗೆ ತಿಳಿಯದಂತೆ ಮಾತನಾಡಬಲ್ಲ? ಒಬ್ಬನೇ ಎಲ್ಲಿಯವರೆಗೆ ಹೋಗಬಹುದು? ಕೈಗೆ ಬಂದ ಹಣ ಯಾರದು? ಯಾವ ಕೆಲಸಕ್ಕೆ ಒಲ್ಲೆನೆನ್ನಲಾರ? ಒಡೆಯನು ಸತ್ತರೆ ಇವನ ಗತಿಯೇನು? ಬೊಮ್ಮನಿಗೆ ಸಂಬಂಧಿಸಿ ಇವುಗಳಲ್ಲಿ ಕೆಲವಕ್ಕೆ ದಾಖಲೆಯಲ್ಲಿ ಉತ್ತರವಿದೆ. ಉಳಿದವಕ್ಕೆ ಪಾತ್ರಧಾರಿಯು ತನ್ನ ಉತ್ತರವನ್ನು ಕೊಡಬಹುದು. ಆದರೆ ಅದು ತನ್ನ ಉತ್ತರವೆಂಬುದನ್ನು ಮರೆಯಬಾರದು, ನೋಡುವವರಿಗೂ ಮರೆಯಗೊಡಬಾರದು. ಘೋಷ್ ಅವರ ಗ್ರಂಥದ ಹೆಚ್ಚುಗಾರಿಕೆ ಇಲ್ಲಿದೆ: ಊಹೆಯು ಎಲ್ಲಿ ಆರಂಭವಾಗುತ್ತದೆಂಬುದನ್ನು ಅವರು ಬಹುತೇಕ ಎಡೆಗಳಲ್ಲಿ ಓದುಗನಿಗೆ ಕಾಣುವಂತೆ ಬಿಡುತ್ತಾರೆ.

ಬಹುತೇಕ ಎಂದೆವು. ಅಪವಾದವಾಗಿ ನಿಲ್ಲುವುದು ಆಶುವಿನ ಪ್ರಸಂಗ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜುವು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವಳು ಅವನ ಮಡದಿಯಾಗಿ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ತನ್ನ ಸಮುದಾಯದಲ್ಲಿಯೇ ಅನುಕೂಲವಾದ ಸಂಬಂಧ ಬೆಳೆಸಬಹುದಾಗಿದ್ದ ವರ್ತಕನು ಹೀಗೇಕೆ ಮಾಡಿದನೆಂದರೆ ಪ್ರೇಮದಿಂದಲೇ ಇರಬೇಕೆಂಬ ಸೂಚನೆಯತ್ತ ಘೋಷ್ ಅವರ ಬರಹ ವಾಲುತ್ತದೆ. ಇರಬಹುದು. ಅದು ಬೆನ್ ಯಿಜುವಿನ ಮನಸ್ಸಿಗೆ ಸಂಬಂಧಿಸಿದ ಊಹೆ. ಆಶುವಿನ ಮನಸ್ಸಿನ ಬಗೆಗೆ ಬಿಡುಗಡೆಯ ಪತ್ರವೂ ಏನನ್ನೂ ಹೇಳುವುದಿಲ್ಲ, ಏಕೆಂದರೆ ಆ ಪತ್ರದಲ್ಲಿ ಬಿಡುಗಡೆ ಮಾಡುವವನು ಮಾತನಾಡುತ್ತಾನೆ, ಬಿಡುಗಡೆ ಹೊಂದುವವಳು ಮಾತನಾಡುವುದಿಲ್ಲ. ಆ ದಿನದ ಹಿಂದಿನ ದಿನ ಅವಳು ಒಲ್ಲೆನೆನ್ನಬಹುದಾಗಿತ್ತೇ ಎಂಬ ಪ್ರಶ್ನೆಯನ್ನು ಕೇಳದೆ ಪ್ರೇಮದ ಮಾತನ್ನು ಆಡುವುದು ನಮಗೆ ಸರಿಯಾಗಿ ತೋರುವುದಿಲ್ಲ. ನ್ಯೂ ಟೌನಿನವರ ಪಾತ್ರಗಳ ಪಟ್ಟಿಯಲ್ಲಿ ಆಶುವಿನ ಹೆಸರಿರಲಿಲ್ಲ. ಅವಳನ್ನು ಸೇರಿಸಿಕೊಳ್ಳಬೇಕೆಂದು, ಅವಳಿಗೆ ಕಥೆಯನ್ನು ಕಲ್ಪಿಸುವ ಬದಲು ಉಳಿದ ಪಾತ್ರಗಳೆಲ್ಲ ಅವಳ ಮುಂದೆ ತಮ್ಮ ನಡೆಯನ್ನು ವಿವರಿಸುವಂತೆ ಅಭ್ಯಾಸವನ್ನು ಮಾರ್ಪಡಿಸಬೇಕೆಂದು ನಾವು ಬರೆದಿದ್ದೇವೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಕೆಲಸ ಸಾಕಷ್ಟಿದೆ. ಗೊಯ್ಟೈನ್ ಮತ್ತು ಮೊರ್ದೆಖಾಯ್ ಫ್ರೀಡ್ಮನ್ ಅವರ ಸಂಪಾದನೆಯಲ್ಲಿ 2008ರಲ್ಲಿ ಪ್ರಕಟವಾದ ಭಾರತ ವರ್ತಕರ ಪತ್ರಸಂಪುಟವನ್ನು ಕನ್ನಡ ಬಲ್ಲವರು, ತುಳು ಬಲ್ಲವರು ಮತ್ತೊಮ್ಮೆ ಓದಬೇಕು. ಬೊಮ್ಮನ ಹೆಸರು ತಿಳಿದಂತೆ, ಆ ಪತ್ರಗಳಲ್ಲಿ ವ್ಯಂಜನಗಳಾಗಿಯೇ ಉಳಿದಿರುವ ಇತರ ಕರಾವಳಿಯ ಹೆಸರುಗಳನ್ನೂ ನಮ್ಮ ಶಾಸನಗಳ ನೆರವಿನಿಂದ ಓದಲು ಯತ್ನಿಸಬಹುದು. ಊಳಿಗದವರ ಪಾತ್ರಗಳನ್ನು ರಂಗಕ್ಕೆ ತರುವವರು ಆ ಹೆಸರುಗಳಿಂದಲೇ ತಮ್ಮ ಕೆಲಸವನ್ನು ಆರಂಭಿಸಲಿ ಎಂದು ಆಶಿಸುತ್ತೇವೆ.